ಹಳೇ ಕಾರಿನ ಬ್ರೇಕ್ ಕ್ಯಾಲಿಪರ್‌ಗೆ ಕಿಟ್ ಹಾಕಿಸುವವರು ಸ್ವಲ್ಪ ಇಲ್ಲಿ ಕೇಳಿ

"ಕಿಟ್ ಹಾಕಿದರೆ ಸಾಕು, ಹೊಸದರ ಹಾಗೆ ಆಗುತ್ತೆ" ಅಂತ ಮೆಕ್ಯಾನಿಕ್ ಹೇಳಿದ ತಕ್ಷಣ ಹೂಂ ಅನ್ನಬೇಡಿ. ಕ್ಯಾಲಿಪರ್ ಅಂದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಕಿಟ್ ಅಂದರೆ ಅದರ ಹೊಸ ರಬ್ಬರ್ ಸೀಲುಗಳು. ಮೊದಲು ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ತೋರಿಸಿ ಅನ್ನಿ.

ನನ್ನ ಕಾರಿನ ಮುಂದಿನ ಎಡ ಚಕ್ರ ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇರುತ್ತಿತ್ತು. ಗ್ಯಾರೇಜಿನಲ್ಲಿ ಹೊಸ ಸೀಲ್ ಹಾಕಿ ಕೊಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಮೊದಲಿಗಿಂತ ಜೋರಾಗಿ ಹಿಡಿಯಿತು, ಡಿಸ್ಕ್ ಕಾದು ವಾಸನೆ ಬಂತು, ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿದೆ! ಬ್ರೇಕ್ ಆಯಿಲ್ ಕುದಿಯುತ್ತಿತ್ತು. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯುತ್ತದೆ, ತೇವ ಎಳೆದುಕೊಂಡ ಮೇಲೆ 155ರ ಹತ್ತಿರಕ್ಕೆ ಇಳಿಯಬಹುದು. ಅವರು ಹಳೇ ಆಯಿಲನ್ನೇ ಬಿಟ್ಟಿದ್ದರು.

ಬೇರೆ ಕಡೆ ಬಿಚ್ಚಿಸಿದಾಗ ಒಳಗಿನ ಕತೆ ಹೊರಗೆ ಬಂತು. ಪಿಸ್ಟನ್ ಮೇಲೆ ತುಕ್ಕು ತಿಂದ ಗುಳಿಗಳು. ಅದನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ಹಾಗೇ ಕೂರಿಸಿದ್ದಾನೆ ಪುಣ್ಯಾತ್ಮ. ಉಜ್ಜಿದರೆ ಮೇಲಿನ ಕ್ರೋಮ್ ಹೋಗುತ್ತದೆ, ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಗುಳಿ ಬಿದ್ದ ಪಿಸ್ಟನ್‌ಗೆ ರಿಪೇರಿ ಇಲ್ಲ, ಬದಲಾಯಿಸಬೇಕು ಅಷ್ಟೇ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಎಲ್ಲವನ್ನೂ ಪೆಟ್ರೋಲಲ್ಲಿ ತೊಳೆದು, ಬೇರಿಂಗ್‌ಗೆ ಹಾಕುವ ಗ್ರೀಸನ್ನೇ ಬಳಿದಿದ್ದರು. ಬ್ರೇಕ್ ಬಿಟ್ಟಾಗ ಪಿಸ್ಟನ್ ಹಿಂದೆ ಬರುವುದು ಸ್ಪ್ರಿಂಗಿನಿಂದಲ್ಲ, ಸುತ್ತ ಇರುವ ರಬ್ಬರ್ ಸೀಲಿನಿಂದ. ಪಿಸ್ಟನ್ ಮುಂದೆ ಹೋದಾಗ ಸೀಲ್ ಸ್ವಲ್ಪ ಬಾಗುತ್ತದೆ, ಒತ್ತಡ ಹೋದ ಮೇಲೆ ನೆಟ್ಟಗಾಗುತ್ತಾ ಪಿಸ್ಟನ್ನನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಪೆಟ್ರೋಲು, ಡೀಸೆಲು, ಮಾಮೂಲಿ ಗ್ರೀಸು ಆ ರಬ್ಬರನ್ನು ಊದಿಸುತ್ತವೆ. ಊದಿದ ಸೀಲ್ ಎಳೆಯುವುದಿರಲಿ, ಪಿಸ್ಟನ್ನನ್ನು ಅಲ್ಲಾಡಲೂ ಬಿಡುವುದಿಲ್ಲ. ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ನಿನ ರಬ್ಬರಿಗೂ ಇದೇ ಗತಿ. ತೊಳೆಯಲು ಬ್ರೇಕ್ ಕ್ಲೀನರ್, ಸೀಲಿಗೆ ಹೊಸ ಬ್ರೇಕ್ ಆಯಿಲ್, ಪಿನ್ನಿಗೆ ಅದಕ್ಕೆಂದೇ ಬರುವ ಸಿಲಿಕೋನ್ ಗ್ರೀಸ್. ಮುಂದೆ ನಿಂತು ಹಾಕಿಸಿ, ಬೇಜಾರಾದರೆ ಆಗಲಿ.

ಅಂದ ಹಾಗೆ, ತಪ್ಪು ಕ್ಯಾಲಿಪರಿನದ್ದೇ ಆಗಿರಬೇಕು ಅಂತೇನಿಲ್ಲ. ಚಕ್ರ ಹಿಡಿದುಕೊಂಡಿರುವಾಗಲೇ ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲಿಸಿ ನೋಡಿ. ಆಯಿಲ್ ಚಿಮ್ಮಿ ಚಕ್ರ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ ಅಂತ ಅರ್ಥ. ಆಯಿಲ್ ಬರುವ ಹಳೇ ಹೋಸ್ ಒಳಗಡೆಯೇ ಮುಚ್ಚಿಕೊಂಡಿರಬಹುದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಅದನ್ನು ವಾಪಸ್ ಬಿಡದೇ ಇರಬಹುದು. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ತಪ್ಪು ಪಿಸ್ಟನ್ ಅಥವಾ ಪಿನ್ನಿನದು. ಇದನ್ನು ನೋಡದೆ ಸುಮ್ನೆ ಕ್ಯಾಲಿಪರ್ ಬಿಚ್ಚಿದರೆ ದುಡ್ಡು ದಂಡ.

ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ಕಂಪ್ರೆಸರ್ ಗಾಳಿಯಿಂದ ಪಿಸ್ಟನ್ ತೆಗೆಯುವಾಗ ಎದುರಿಗೆ ಮರದ ತುಂಡು ಇಡಿ, ಗಾಳಿ ನಿಧಾನಕ್ಕೆ ಬಿಡಿ, ಬೆರಳು ಮಾತ್ರ ಅಲ್ಲಿ ಇಡಲೇಬೇಡಿ. ಗುಂಡಿನ ಹಾಗೆ ಹಾರಿ ಬರುತ್ತದೆ.