ಮುಂದೆ ಮೆತ್ತಗೆ, ಹಿಂದೆ ಗಟ್ಟಿ: 14 ತಿಂಗಳು ಓಡಿಸಿದ ನನ್ನ ಎಂಟಿಬಿ (ಮೌಂಟನ್ ಸೈಕಲ್) ಟೈರ್‌ಗಳು

ತುಮಕೂರಿನಿಂದ ದೇವರಾಯನದುರ್ಗಕ್ಕೆ ಸುಮಾರು 15 ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಬಿಸಿಲು ಏರುವ ಮೊದಲೇ ಬೆಟ್ಟದ ಬುಡ ಸೇರುತ್ತೇನೆ. ಅಲ್ಲಿ ಡಾಂಬರು ಬಿಟ್ಟು ಹೊಲದ ಬದಿಯ ಬಂಡಿದಾರಿ ಹಿಡಿಯುತ್ತೇನೆ. ಮೇಲೆ ಸಡಿಲ ಗರಸು, ಕೆಳಗೆ ಕಲ್ಲಿನಂಥ ನೆಲ, ನಡುನಡುವೆ ಬಂಡೆ, ಅಕ್ಕಪಕ್ಕ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ. ನಮ್ಮ ಬಯಲುಸೀಮೆ ದಾರಿ ಅಂದ್ರೆ ಹೀಗೇ ಅಲ್ವಾ. ಇಂಥ ನೆಲದಲ್ಲಿ ಓಡಿಸುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸೈಕಲ್ ಜೊತೆ ಬಂದಿದ್ದ ಟೈರ್‌ಗಳಲ್ಲೇ ಎರಡು ವರ್ಷ ಓಡಿಸಿದೆ. ಬಟನ್‌ಗಳು, ಅಂದರೆ ನೆಲ ಹಿಡಿಯುವ ರಬ್ಬರ್ ಉಬ್ಬುಗಳು, ನೋಡೋಕೆ ಚೆನ್ನಾಗಿಯೇ ಇದ್ದವು. ಒಂದು ದಿನ ಇಳಿಜಾರಿನ ಎಡ ತಿರುವು, ವೇಗ ಏನೂ ಜಾಸ್ತಿ ಇರಲಿಲ್ಲ. ನೆಲದ ಮೇಲೆ ಚೆಲ್ಲಿದ ರಾಗಿ ಮೇಲೆ ಕಾಲಿಟ್ಟ ಹಾಗೆ ಮುಂದಿನ ಚಕ್ರ ಸರ್ರನೆ ಜಾರಿತು. ಮೊಣಕೈಗೆ ಆರು ಹೊಲಿಗೆ ಬಿತ್ತು. ಮನೆಯಲ್ಲಿ ಕೂತಿದ್ದಾಗ ಆ ಟೈರಿನ ಬಟನ್ ಮೇಲೆ ಉಗುರು ಒತ್ತಿ ನೋಡಿದೆ. ಗುರುತು ಕೂಡ ಬೀಳಲಿಲ್ಲ, ಅಷ್ಟು ಗಟ್ಟಿ.

ಬಟನ್ ಎತ್ತರ ಇದ್ದರೆ ಸಾಕು, ಹಿಡಿತ ತಾನಾಗಿ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಸಡಿಲ ಮಣ್ಣಿಗೆ ಆ ಮಾತು ಸರಿ. ಬಂಡೆ ಮೇಲೆ ಕಚ್ಚಿ ಹಿಡಿಯುವ ಕೆಲಸ ಮಾತ್ರ ರಬ್ಬರಿನದು. ಮೆತ್ತಗಿನ ರಬ್ಬರ್ ಕಲ್ಲಿನ ಸಣ್ಣ ಸಣ್ಣ ತಗ್ಗುದಿಣ್ಣೆಗೆ ಕೂತುಕೊಳ್ಳುತ್ತದೆ. ಗಟ್ಟಿ ರಬ್ಬರ್ ಮೇಲಿಂದಲೇ ಜಾರುತ್ತದೆ. ಹಾಗಂತ ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಹೋದರೆ ಬೇಗ ಸವೆಯುತ್ತದೆ, ತುಳಿಯುವುದೂ ಭಾರ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಇದನ್ನೇ ಹೇಳಿ ಒಂದು ಜೋಡಿ ಟೈರ್ ಕೇಳಿದೆ. ಅಲ್ಲಿದ್ದ ಹುಡುಗ, "ಸಾರ್, ಎರಡೂ ಒಂದೇ ಥರದ್ದು ಯಾಕೆ? ಮುಂದೆ ಮೆತ್ತಗಿರೋದು ಹಾಕಿ, ಹಿಂದೆ ಗಟ್ಟಿ ಇರೋದು ಹಾಕಿ" ಅಂದ. ಹಿಂದಿನ ಚಕ್ರ ಜಾರಿದರೆ ಸೊಂಟ ಆಡಿಸಿ ಸರಿ ಮಾಡಿಕೊಳ್ಳಬಹುದು. ಮುಂದಿನದು ಜಾರಿದರೆ ನೆಲವೇ ಗತಿ. ಇನ್ನು ನಮ್ಮ ಭಾರ ಹೆಚ್ಚು ಬೀಳುವುದು, ತುಳಿಯುವ ಬಲ ಹೋಗುವುದು ಹಿಂದಿನ ಟೈರಿಗೆ, ಅದಕ್ಕೇ ಸವೆತವೂ ಅಲ್ಲೇ ಜಾಸ್ತಿ. ಆ ಹುಡುಗನ ಮಾತಿಗೆ ನಾನು ಇವತ್ತಿಗೂ ಋಣಿ.

ಮುಂದಕ್ಕೆ ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಎಫ್ ತಗೊಂಡೆ. 29 ಇಂಚು, 2.5 ಅಗಲ. ತೈವಾನ್‌ನ ಚೆಂಗ್ ಶಿನ್ ರಬ್ಬರ್ ಕಂಪನಿಯ ಬ್ರಾಂಡ್ ಅದು. ಟೈರಿನ ಮೈಮೇಲಿರುವ ಅಕ್ಷರಗಳನ್ನು ಓದಲು ಕಲಿಯಿರಿ, ಬೆಲೆ ನೋಡುವ ಮೊದಲು. 3ಸಿ ಮ್ಯಾಕ್ಸ್‌ಟೆರಾ ಅಂದರೆ ಮೂರು ಥರದ ರಬ್ಬರ್: ತಳದಲ್ಲಿ ಗಟ್ಟಿ, ಮೇಲೆ ಮೆತ್ತಗೆ, ತಿರುವಿನಲ್ಲಿ ನೆಲ ಮುಟ್ಟುವ ಅಂಚಿನ ಬಟನ್‌ಗಳಲ್ಲಿ ಇನ್ನೂ ಮೆತ್ತಗೆ. ಎಕ್ಸೋ ಅಂದರೆ ಪಕ್ಕದ ಗೋಡೆ ಕಲ್ಲಿಗೆ ಸಿಕ್ಕಿ ಸೀಳದಂತೆ ಒಂದು ಪದರ ಸೇರಿಸಿದ್ದಾರೆ. ಟಿಆರ್ ಅಂದರೆ ಟ್ಯೂಬ್‌ಲೆಸ್ ಮಾಡಬಹುದು, ಒಳಗೆ ಟ್ಯೂಬ್ ಇಲ್ಲದೆ ಓಡಿಸಬಹುದು. ಡಬ್ಲ್ಯುಟಿ ಇದ್ದರೆ ಒಳಗಲ ಸುಮಾರು 30ರಿಂದ 35 ಮಿಲಿಮೀಟರ್ ಇರುವ ರಿಮ್‌ಗೆ ಅಂತ ಮಾಡಿದ್ದು. ನನ್ನ ರಿಮ್ ಅಳೆದು ನೋಡಿದೆ, ಸರಿಯಾಗಿ 30 ಇತ್ತು. ಹಿಂದಕ್ಕೆ ಅದೇ ಬ್ರಾಂಡಿನ ಅಗ್ರೆಸರ್, 2.3 ಅಗಲ, ಡ್ಯುಯಲ್ (ಎರಡು ಥರದ) ರಬ್ಬರ್, ಎಕ್ಸೋ. ಇದರ ನಡುವಿನ ಬಟನ್‌ಗಳು ಒತ್ತೊತ್ತಾಗಿವೆ, ಡಾಂಬರಿನ ಮೇಲೆ ಹಗುರಾಗಿ ಉರುಳುತ್ತದೆ.

ಡಿಎಚ್‌ಎಫ್‌ನಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಬೇಕು. ನಡುವಿನ ಸಾಲಿಗೂ ಅಂಚಿನ ಸಾಲಿಗೂ ಮಧ್ಯೆ ಒಂದು ಖಾಲಿ ಕಾಲುವೆ ಇದೆ. ತಿರುವಿನಲ್ಲಿ ಅರ್ಧಮರ್ಧ ಬಾಗಿಸಿದರೆ ಟೈರ್ ಆ ಕಾಲುವೆ ಮೇಲೆ ನಿಂತು ಕೊಂಚ ಅಳುಕುತ್ತದೆ. ಸೈಕಲನ್ನು ಧೈರ್ಯವಾಗಿ ಬಾಗಿಸಿ. ಅಂಚಿನ ಬಟನ್ ನೆಲಕ್ಕೆ ಕೂತ ಕ್ಷಣ ಹ್ಯಾಂಡಲ್‌ನಲ್ಲೇ ಗೊತ್ತಾಗುತ್ತದೆ, ಗರಸು ಕೊರೆದುಕೊಂಡು ಹೋಗುವ ಸದ್ದೇ ಬೇರೆ. ನಾನು ಬಿದ್ದ ಆ ತಿರುವನ್ನು ಈಗ ಪ್ರತಿ ಭಾನುವಾರ ದಾಟುತ್ತೇನೆ. ಮೊದಲ ಎರಡು ತಿಂಗಳು ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಇಲ್ಲ.

ಮುಳ್ಳಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಟ್ಯೂಬ್ ಹಾಕಿಕೊಂಡು ಓಡಿಸುವವರಿಗೆ ಕೈಮುಗಿದು ಹೇಳುತ್ತೇನೆ, ಟ್ಯೂಬ್‌ಲೆಸ್ ಮಾಡಿಸಿ. ಹೋದ ಸುಗ್ಗಿಯಲ್ಲಿ ಕಡಲೆಕಾಯಿ ಹೊಲದ ಬದುವಿನಲ್ಲಿ ಹೋಗಿ ಬಂದು ಹಿಂದಿನ ಟೈರ್ ತಿರುಗಿಸಿ ನೋಡಿದೆ. ಎಣಿಸಿದರೆ 11 ನೆಗ್ಗಿಲು ಮುಳ್ಳು. ಒಂದನ್ನು ಉಗುರಿನಿಂದ ಎಬ್ಬಿಸಿದೆ. ಸುಸ್ ಅಂತ ಗಾಳಿ ಬಂತು, ಹಿಂದೆಯೇ ಒಳಗಿದ್ದ ಸೀಲೆಂಟ್ (ತೂತು ಮುಚ್ಚುವ ದ್ರವ) ಬಿಳಿ ಹಾಲಿನ ಹಾಗೆ ನೊರೆ ನೊರೆಯಾಗಿ ಉಕ್ಕಿತು. ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿದೆ. ಹತ್ತು ಎಣಿಸುವಷ್ಟರಲ್ಲಿ ನೊರೆ ನಿಂತಿತು, ಬೆರಳಿಟ್ಟು ನೋಡಿದರೆ ಚಿಕ್ಕ ರಬ್ಬರ್ ಗಂಟು. ಉಳಿದ ಹತ್ತನ್ನೂ ಹಾಗೇ ಒಂದೊಂದಾಗಿ ಕಿತ್ತೆ. ಟ್ಯೂಬ್ ಇದ್ದ ಕಾಲದಲ್ಲಿ ಇಂಥ ದಿನ ಸೈಕಲ್ ತಳ್ಳಿಕೊಂಡು ಮನೆಗೆ ಬರುತ್ತಿದ್ದೆ.

ಸೀಲೆಂಟ್ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಬಿಸಿಲಿಗೆ ಅದು ಒಳಗೇ ಒಣಗುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸುತ್ತೇನೆ. ಚಕ್ರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗುಳುಗುಳು ಅನ್ನದಿದ್ದರೆ ಖಾಲಿ ಆಗಿದೆ ಅಂತ ಅರ್ಥ.

ಗಾಳಿ ಎಷ್ಟು? ನನ್ನ ತೂಕ 68 ಕೆಜಿ. ಮುಂದೆ 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹಿಂದೆ 25. ಟ್ಯೂಬ್ ಇದ್ದಾಗ 40ರ ಹತ್ತಿರ ತುಂಬುತ್ತಿದ್ದೆ. ಕಡಿಮೆ ಇದ್ದರೆ ಕಲ್ಲಿಗೆ ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತಿತ್ತು. ಅಷ್ಟು ಗಾಳಿಯಲ್ಲಿ ಎಷ್ಟೇ ಒಳ್ಳೆ ಟೈರ್ ಆದರೂ ಚೆಂಡಿನ ಹಾಗೆ ಪುಟಿಯುತ್ತದೆ, ಕಲ್ಲಿಗೆ ಅಂಟುವುದಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ ಅಂದಾಜು ಮಾಡಬೇಡಿ. ಒಂದು ಡಿಜಿಟಲ್ ಗೇಜ್ ಇಟ್ಟುಕೊಳ್ಳಿ, 2 ಪಿಎಸ್‌ಐ ವ್ಯತ್ಯಾಸ ಕೂಡ ಕೈಗೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಒಮ್ಮೆ ಸಕಲೇಶಪುರದ ತೋಟದ ದಾರಿಗಳಿಗೆ ತಗೊಂಡು ಹೋಗಿದ್ದೆ. ಕೆಂಪು ಕೆಸರಿನಲ್ಲಿ ಮುಂದಿನದು ಚೆನ್ನಾಗಿ ನಡೆಯಿತು. ಆ ಖಾಲಿ ಕಾಲುವೆಯಿಂದ ಮಣ್ಣು ತಾನಾಗಿ ಉದುರುತ್ತದೆ. ಹಿಂದಿನದು ಒತ್ತು ಬಟನ್ ಆದ್ದರಿಂದ ಏರಿನಲ್ಲಿ ಮೆತ್ತಿಕೊಂಡು ಸುತ್ತಿತು, ಎರಡು ಕಡೆ ಇಳಿದು ತಳ್ಳಿದೆ. ಒಣ ನೆಲಕ್ಕೆ ಅಂತ ಆರಿಸಿದ ಟೈರಿನಲ್ಲಿ ಇದು ಇದ್ದದ್ದೇ. ಮಲೆನಾಡಿನಲ್ಲೇ ವಾಸ ಇರುವವರು ಹಿಂದಕ್ಕೆ ಬಟನ್‌ಗಳು ದೂರ ದೂರ ಇರುವುದನ್ನು ನೋಡಿ. ಒದ್ದೆ ಬೇರಿನ ಮೇಲಂತೂ ಯಾವ ಟೈರನ್ನೂ ನಂಬಬೇಡಿ, ಬ್ರೇಕ್ ಬಿಟ್ಟು ನೇರವಾಗಿ ದಾಟಿ.

ಬೆಲೆ ಜಾಸ್ತಿಯೇ. ಒಂದರ ದುಡ್ಡಿಗೆ ಸಾದಾ ಟೈರ್ ಮೂರ್ನಾಲ್ಕು ಬರುತ್ತವೆ. ದಿನಾ ಆಫೀಸಿಗೆ ಡಾಂಬರಿನಲ್ಲಿ ಓಡಾಡುವವರು ಡಿಎಚ್‌ಎಫ್ ತಗೋಬೇಡಿ. ಆ ಮೆತ್ತನೆ ರಬ್ಬರನ್ನು ಸುಮ್ನೆ ರಸ್ತೆಗೆ ಉಜ್ಜಿ ಕಳೆದ ಹಾಗೆ.

ಇವತ್ತಿಗೆ 2,300 ಕಿಲೋಮೀಟರ್ ಆಗಿದೆ. ಹಿಂದಿನ ಟೈರಿನ ನಡುವಿನ ಬಟನ್‌ಗಳು ಅರ್ಧಕ್ಕೆ ಇಳಿದಿವೆ, ಪಕ್ಕದ ಗೋಡೆಯಲ್ಲಿ ಬಂಡೆ ಗೀಚಿದ ಗುರುತುಗಳಿವೆ, ಸೀಳು ಒಂದೂ ಇಲ್ಲ. ಮುಂದಿನದರ ಅಂಚಿನ ಬಟನ್‌ಗಳ ಮೂಲೆ ಇನ್ನೂ ಚೂಪಾಗಿವೆ, ಉಗುರು ಒತ್ತಿದರೆ ಗುರುತು ಬಿದ್ದು ನಿಧಾನಕ್ಕೆ ಮಾಯವಾಗುತ್ತದೆ. ಹಿಂದಕ್ಕೆ ಇನ್ನೊಂದು ಅಗ್ರೆಸರ್ ತರಿಸಿಟ್ಟಿದ್ದೇನೆ, ಬರುವ ಶನಿವಾರ ಸಂಜೆ ಹಾಕಬೇಕು.