ಹಳೆಯ ಹಡಗಿನಲ್ಲಿ ತಂಗಬೇಕೆಂದರೆ: ಕ್ವೀನ್ ಮೇರಿಯೋ, ಕ್ಯೂಇ2ಯೋ?

ಕ್ವೀನ್ ಮೇರಿ, ಕ್ಯೂಇ2 (ಅಂದರೆ ಕ್ವೀನ್ ಎಲಿಜಬೆತ್ 2) ಎರಡೂ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ, ಒಂದೇ ಜಾನ್ ಬ್ರೌನ್ ಕಾರ್ಖಾನೆಯಲ್ಲಿ ಕಟ್ಟಿದ ಹಡಗುಗಳು. ಎರಡೂ ಈಗ ಹೋಟೆಲು.

ದುಬೈನ ಕ್ಯೂಇ2 ನಮಗೆ ಹತ್ತಿರ. ಮಂಗಳೂರಿನಿಂದ ನೇರ ವಿಮಾನವೇ ಇದೆ. 1969ರಲ್ಲಿ ಯಾನ ಆರಂಭಿಸಿದ ಈ ಹಡಗು 1982ರ ಫಾಕ್ಲೆಂಡ್ಸ್ ಯುದ್ಧಕ್ಕೆ ಸೈನಿಕರನ್ನು ಹೊತ್ತೊಯ್ದಿತ್ತು. 2008ರಲ್ಲಿ ದುಬೈ ಸೇರಿ, ಮುಂದೇನೆಂದು ತಿಳಿಯದೆ ಹತ್ತಿರ ಹತ್ತಿರ ಹತ್ತು ವರ್ಷ ಸುಮ್ಮನೆ ನಿಂತಿತ್ತು. 2018ರಲ್ಲಿ ಹೋಟೆಲಾಗಿ ಬಾಗಿಲು ತೆರೆಯಿತು.

ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿರುವ ಕ್ವೀನ್ ಮೇರಿ ದೂರ, ಆದರೆ ನೋಡಲು ಸಿಗುವುದು ಹೆಚ್ಚು. 1936ರ ಹಡಗು, 1943ರಲ್ಲಿ ಒಂದೇ ಯಾನದಲ್ಲಿ 16,683 ಜನರನ್ನು ಅಟ್ಲಾಂಟಿಕ್ ದಾಟಿಸಿತ್ತು. ಬಾಯ್ಲರ್‌ಗಳನ್ನು ಕಿತ್ತಿದ್ದಾರೆ, ಒಂದು ಎಂಜಿನ್ ಕೋಣೆ ಮಾತ್ರ ಉಳಿದಿದೆ. ಹಡಗಿನ ಮೈಗೆ ಸೇರಿಸಿ ಕಟ್ಟಿರುವ ಉಕ್ಕಿನ ಗೂಡಿನೊಳಗೆ ಬಗ್ಗಿ ನೋಡಿದರೆ ನೀರಿನಡಿ ದೈತ್ಯ ಪ್ರೊಪೆಲರ್ ಕಾಣುತ್ತದೆ. ಹಡಗಿನ ಆರೋಗ್ಯ ಮಾತ್ರ ಚಿಂತೆಯದು: ತುರ್ತು ದುರಸ್ತಿಗೇ ಸುಮಾರು 2.3 ಕೋಟಿ ಡಾಲರ್ ಬೇಕೆಂದು 2021ರಲ್ಲಿ ಪರಿಶೀಲಿಸಿದವರು ಹೇಳಿದ್ದರು. 2020ರಲ್ಲಿ ಮುಚ್ಚಿದ ಹೋಟೆಲು ಮತ್ತೆ ತೆರೆದದ್ದು 2023ರಲ್ಲಿ.

ಮೂರನೆಯ ಆಯ್ಕೆಯೊಂದು ಇರಬೇಕಿತ್ತು. 1952ರಲ್ಲಿ ಮೂರೂವರೆ ದಿನದೊಳಗೆ ಅಟ್ಲಾಂಟಿಕ್ ದಾಟಿ ದಾಖಲೆ ಬರೆದ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು 1996ರಿಂದ ಫಿಲಡೆಲ್ಫಿಯಾದಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಅದು ನಿಂತಿದ್ದ ಹಡಗುಕಟ್ಟೆಯ ಬಾಡಿಗೆ ಜಗಳ ನ್ಯಾಯಾಲಯ ಹತ್ತಿತು. 2024ರಲ್ಲಿ ಫ್ಲಾರಿಡಾದ ಒಕಲೂಸಾ ಕೌಂಟಿ ಅದನ್ನು ಮುಳುಗಿಸಿ ಮೀನುಗಳಿಗೆ ಆಸರೆಯಾಗುವ ಕೃತಕ ಬಂಡೆಸಾಲು ಮಾಡಲೆಂದು ಕೊಂಡಿತು. ಅಂಥ ಹಡಗಿಗೆ ಒಂದು ದಡ ಸಿಗಲಿಲ್ಲವಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಹಾಗಾಗಿ ದುಡ್ಡು, ರಜೆ ಎರಡೂ ಕಡಿಮೆಯಿದ್ದರೆ ದುಬೈ. ಅಮೆರಿಕಕ್ಕೆ ಹೇಗೂ ಹೋಗುವವರಿದ್ದರೆ ಕ್ವೀನ್ ಮೇರಿಯನ್ನು ಮುಂದಿನ ಸಲಕ್ಕೆಂದು ಬಿಡಬೇಡಿ.