ಹೊಸ ರ‍್ಯಾಮ್ ಹಾಕಿಸಿದಿರಾ? ಒಂದು ರಾತ್ರಿ ಟೆಸ್ಟ್ ಮಾಡದೆ ಕೆಲಸ ಶುರು ಮಾಡಬೇಡಿ

ಉಡುಪಿಯಲ್ಲಿ ಮದುವೆ ಆಲ್ಬಂ ಮಾಡುವ ಕೆಲಸ ನನ್ನದು. ಕಳೆದ ಸೀಸನ್‌ನಲ್ಲಿ ಒಂದು ಮನೆಯವರ ಧಾರೆಯ ಫೋಟೊಗಳು ನನ್ನ ಕಂಪ್ಯೂಟರಿನಲ್ಲೇ ಹಾಳಾದವು. ವೈರಸ್ ಅಲ್ಲ, ಹಾರ್ಡ್ ಡಿಸ್ಕ್ ಹೋದದ್ದೂ ಅಲ್ಲ. ಹೊಸದಾಗಿ ಹಾಕಿಸಿದ ಒಂದು ರ‍್ಯಾಮ್ ಸ್ಟಿಕ್ ಸದ್ದಿಲ್ಲದೆ ಫೈಲುಗಳನ್ನು ಕೆಡಿಸುತ್ತಾ ಇತ್ತು. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಫೈಲುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಅದು ನನಗೆ ಗೊತ್ತಾಗುವಾಗ ಮೂರು ವಾರ ಕಳೆದಿತ್ತು. ಫೋಟೊ, ವಿಡಿಯೊ, ಡಿಟಿಪಿ, ಅಂಗಡಿ ಲೆಕ್ಕ, ಕೆಲಸ ಯಾವುದೇ ಇರಲಿ, ರ‍್ಯಾಮ್ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನದು ಎಎಂಡಿ ಕಂಪನಿಯ ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಡಿಡಿಆರ್4 ಮಾದರಿಯ, 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಇದ್ದವು. ಆಲ್ಬಂನ ಒಂದು ಶೀಟ್ 12×36 ಇಂಚು. 300 ಡಿಪಿಐಯಲ್ಲಿ ತೆರೆದರೆ ಫೋಟೊಶಾಪ್‌ನಲ್ಲಿ ಒಂದು ಲೇಯರಿಗೇ ನೂರು ಎಂಬಿ ದಾಟುತ್ತದೆ. ಹತ್ತಿಪ್ಪತ್ತು ಲೇಯರ್ ಆಗುವಾಗ 16 ಜಿಬಿ ಸಾಕಾಗುತ್ತಿರಲಿಲ್ಲ. ಹಾಗಾಗಿ ಬಿಸು (ತುಳುವರ ಹೊಸ ವರ್ಷ) ಕಳೆದ ಮೇಲೆ, ಮದುವೆಗಳ ಗಡಿಬಿಡಿ ಶುರುವಾಗುವ ಮೊದಲು, ಮಂಗಳೂರಿನ ಒಂದು ಅಂಗಡಿಗೆ ಸಿಪಿಯು ತೆಗೆದುಕೊಂಡು ಹೋದೆ. ಅವರು 16 ಜಿಬಿಯ ಎರಡು ಸ್ಟಿಕ್ ಖಾಲಿ ಸ್ಲಾಟಿಗೆ ಹಾಕಿದರು, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸಾಫ್ಟ್‌ವೇರ್) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಮಾಡಿ ವೇಗವನ್ನು 3200ಕ್ಕೆ ಇಟ್ಟರು. ಸ್ಕ್ರೀನ್ ಮೇಲೆ 48 ಜಿಬಿ ಅಂತ ಬಂತು. "ಆಯ್ತು ಸರ್, ಇನ್ನು ಹತ್ತು ವರ್ಷ ನೋಡುವುದೇ ಬೇಡ" ಅಂದರು. ಎಲ್ಲ ಸೇರಿ ಹದಿನೈದು ನಿಮಿಷ. ನಾನೂ ಖುಷಿಯಲ್ಲಿ ಮನೆಗೆ ಬಂದೆ.

ನಾಲ್ಕನೇ ದಿನ ನೀಲಿ ಸ್ಕ್ರೀನ್ ಬಂತು. 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಇತ್ತು. ಎರಡು ದಿನ ಬಿಟ್ಟು ಮತ್ತೊಂದು, ಈ ಸಲ 'ಪೇಜ್ ಫಾಲ್ಟ್' ಅಂತ ಏನೋ. ನಡುವೆ ಕ್ರೋಮ್‌ನ ಟ್ಯಾಬ್‌ಗಳು ತನ್ನಷ್ಟಕ್ಕೆ ಬಿದ್ದುಹೋಗುತ್ತಿದ್ದವು. ಪ್ರತಿ ಸಲ ಬೇರೆ ಬೇರೆ ಎರರ್ ಬರುತ್ತಿದ್ದರೆ ಮೊದಲು ರ‍್ಯಾಮ್ ಮೇಲೆ ಸಂಶಯ ಪಡಬೇಕು. ನನಗೆ ಆಗ ಅದು ಗೊತ್ತಿರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. "ಆನ್ ಆಗ್ತದಲ್ವಾ ಸರ್? ಹಾಗಾದ್ರೆ ರ‍್ಯಾಮ್ ಸರಿ ಉಂಟು. ವಿಂಡೋಸ್ ಒಮ್ಮೆ ಹೊಸದಾಗಿ ಹಾಕಿ ನೋಡಿ" ಅಂದರು.

ಈ ಮಾತನ್ನು ನಂಬಬೇಡಿ. ಆನ್ ಆಗುವುದಕ್ಕೂ ರ‍್ಯಾಮ್ ಸರಿ ಇರುವುದಕ್ಕೂ ಸಂಬಂಧ ಇಲ್ಲ. 16 ಜಿಬಿಯ ಒಂದು ಸ್ಟಿಕ್‌ನಲ್ಲಿ ಕೋಟಿಗಟ್ಟಲೆ ಅಲ್ಲ, ಹದಿಮೂರು ಸಾವಿರ ಕೋಟಿಗೂ ಜಾಸ್ತಿ ಬಿಟ್‌ಗಳಿವೆ (ಬಿಟ್ ಅಂದರೆ 0 ಅಥವಾ 1 ಇಡುವ ಒಂದು ಪುಟ್ಟ ಜಾಗ). ಅದರಲ್ಲಿ ಒಂದೆರಡು ಕೆಟ್ಟಿದ್ದರೂ ಕಂಪ್ಯೂಟರ್ ಆರಾಮಾಗಿ ಆನ್ ಆಗುತ್ತದೆ. ಆ ಜಾಗಕ್ಕೆ ಏನಾದರೂ ಹೋಗಿ ಕೂತಾಗ ಮಾತ್ರ ತೊಂದರೆ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ರ‍್ಯಾಮ್ ಒಂದು ಬಿಟ್ ತಪ್ಪಿದರೆ ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮ ಮನೆಯ ಡಿಡಿಆರ್4 ಸ್ಟಿಕ್‌ಗಳಿಗೆ ಸಾಮಾನ್ಯವಾಗಿ ಆ ಶಕ್ತಿ ಇಲ್ಲ. ತಪ್ಪನ್ನೇ ಸರಿ ಅಂತ ಮುಂದೆ ಕಳಿಸಿಬಿಡುತ್ತವೆ.

ನಾನು ವಿಂಡೋಸ್ ಹಾಕಲು ಹೋದೆ. ಅರ್ಧದಲ್ಲಿ ಫೈಲ್ ಹಾಳಾಗಿದೆ ಅಂತ ನಿಂತಿತು. ಪೆನ್‌ಡ್ರೈವ್‌ದೇ ತೊಂದರೆ ಅಂದುಕೊಂಡು ಹೊಸದು ತಂದೆ. ಎರಡನೇ ಸಲಕ್ಕೆ ಆಯಿತು. ರ‍್ಯಾಮ್ ಮೇಲೆ ಸಂಶಯ ಇರುವಾಗ ವಿಂಡೋಸ್ ಹಾಕುವುದು, ಅದರಲ್ಲೂ ಬಯೋಸ್ ಅಪ್‌ಡೇಟ್ ಮಾಡುವುದು ಖಂಡಿತ ಬೇಡ. ಬಯೋಸ್ ಅರ್ಧದಲ್ಲಿ ಕೆಟ್ಟರೆ ಮದರ್‌ಬೋರ್ಡೇ ಹೋಗಬಹುದು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಕೂಡ ಓಡಿಸಿದೆ. ಯಾವ ಎರರೂ ಇಲ್ಲ ಅಂತ ಹೇಳಿತು. ಅದನ್ನು ನಂಬಿ ಇನ್ನೂ ಒಂದು ವಾರ ಕೆಲಸ ಮಾಡಿದೆ. ಆ ವಾರವೇ ನನಗೆ ದುಬಾರಿ ಆದದ್ದು.

ಆಲ್ಬಂಗೆ ಫೋಟೊ ಆರಿಸಲು ಕುಳಿತ ದಿನ ಮೊದಲ ಸಲ ಕಣ್ಣಿಗೆ ಬಿತ್ತು. ಧಾರೆಯ ಫೋಟೊ. ಮೇಲೆ ಮಂಟಪದ ಮಲ್ಲಿಗೆ, ಹುಡುಗಿಯ ಅಪ್ಪ ಅಮ್ಮನ ಮುಖ, ಗಿಂಡಿಯ ಬಾಯಿ ತನಕ ಎಲ್ಲ ಸರಿ ಇದೆ. ಅಲ್ಲಿಂದ ಕೆಳಗೆ ಇಡೀ ಚಿತ್ರ ಎಡಕ್ಕೆ ಸರಿದು ನೇರಳೆ ಬಣ್ಣಕ್ಕೆ ತಿರುಗಿದೆ. ಇನ್ನೂ ಕೆಳಗೆ ಬರೀ ಬೂದು. ನೀರು ಬೀಳುವ ಕೈಗಳೇ ಇಲ್ಲ. ಜೆಪೆಗ್ ಫೈಲ್‌ನಲ್ಲಿ ಒಂದು ಬಿಟ್ ತಪ್ಪಿದರೂ ಸಾಕು, ಅಲ್ಲಿಂದ ಮುಂದಿನ ಭಾಗ ಓದುವ ಲೆಕ್ಕವೇ ತಪ್ಪಿಹೋಗಬಹುದು.

ಬ್ಯಾಕಪ್ ಇದೆಯಲ್ಲ ಅಂತ ಎಕ್ಸ್‌ಟರ್ನಲ್ ಡಿಸ್ಕ್ ಹಾಕಿದೆ. ಅಲ್ಲೂ ಅದೇ ನೇರಳೆ, ಅದೇ ಬೂದು. ಕ್ಯಾಮೆರಾ ಕಾರ್ಡಿನಿಂದ ಕಂಪ್ಯೂಟರಿಗೆ ಕಾಪಿ ಆಗುವಾಗ ಫೈಲ್ ರ‍್ಯಾಮ್ ಮೂಲಕವೇ ಹೋಗುತ್ತದೆ. ಅಲ್ಲೇ ಕೆಟ್ಟಿತ್ತು. ಕೆಟ್ಟದ್ದನ್ನೇ ನಾನು ಶ್ರದ್ಧೆಯಿಂದ ಬ್ಯಾಕಪ್ ಮಾಡಿದ್ದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಬೇರೊಂದು ಮೆಹಂದಿಗೆ ಕೊಟ್ಟಾಗಿತ್ತು.

ಆ ರಾತ್ರಿ ಮಣಿಪಾಲದಲ್ಲಿರುವ ಗೆಳೆಯನೊಬ್ಬ ಹೇಳಿದ, "ಮಾರಾಯ, ಮೊದಲು ಆ ಮೆಷಿನ್ ಬಂದ್ ಮಾಡು. ಮೆಮ್‌ಟೆಸ್ಟ್86+ ಹಾಕು." ಇದು ರ‍್ಯಾಮ್ ಪರೀಕ್ಷಿಸುವ ಉಚಿತ ಸಾಫ್ಟ್‌ವೇರ್. ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ವಿಂಡೋಸ್ ಶುರುವಾಗುವ ಮೊದಲೇ ಅದರಿಂದ ಬೂಟ್ ಮಾಡಬೇಕು. ನೀಲಿ ಪರದೆ, ಬಿಳಿ ಅಕ್ಷರ. ಸುಮಾರು ನಲವತ್ತು ನಿಮಿಷಕ್ಕೆ ಮೊದಲ ಕೆಂಪು ಸಾಲು ಬಂತು. ಆ ಸಾಲಿನಲ್ಲಿ ಎರಡು ಸಂಖ್ಯೆ ಅಕ್ಕಪಕ್ಕ ಇರುತ್ತವೆ. ಒಂದು ಅಲ್ಲಿ ಇರಬೇಕಾಗಿದ್ದದ್ದು, ಇನ್ನೊಂದು ನಿಜವಾಗಿ ಸಿಕ್ಕಿದ್ದು. ಎಲ್ಲ ಅಂಕಿ ಒಂದೇ ಥರ, ನಡುವೆ ಒಂದೇ ಒಂದು ಬೇರೆ. ನೋಡುತ್ತಾ ಕೈಕಾಲು ತಣ್ಣಗಾಯಿತು.

ಆಮೇಲೆ ಹುಡುಕಿದ ಕ್ರಮ ಹೇಳುತ್ತೇನೆ, ನಿಮಗೂ ಬೇಕಾಗಬಹುದು. ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಬಯೋಸ್ ಡೀಫಾಲ್ಟ್‌ಗೆ ತಂದೆ. ಎಕ್ಸ್‌ಎಂಪಿ ಅಂದರೆ ಒಂದು ಥರದ ಓವರ್‌ಕ್ಲಾಕ್, ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಡಿಡಿಆರ್4ನ ಮಾಮೂಲಿ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಹೆಚ್ಚಾಗಿ 1.35. ಅಷ್ಟೇ ಅಲ್ಲ, ನನ್ನ ಪ್ರೊಸೆಸರಿಗೆ ಎಎಂಡಿ 3200 ಅಂತ ಹೇಳಿರುವುದು ಎರಡು ಸ್ಟಿಕ್ ಇದ್ದಾಗ. ನಾಲ್ಕೂ ಸ್ಲಾಟ್ ತುಂಬಿದರೆ ಸ್ಟಿಕ್ ಯಾವ ಥರದ್ದು ಅನ್ನುವುದರ ಮೇಲೆ 2933 ಅಥವಾ 2667ಕ್ಕೆ ಇಳಿಯುತ್ತದೆ. ಹಳೆಯದು ಹೊಸದು ಬೆರೆಸಿ ನಾಲ್ಕನ್ನೂ 3200ರಲ್ಲಿ ಓಡಿಸಿದ್ದೇ ತಪ್ಪು. ಅಂಗಡಿಯವರು ಇದನ್ನು ಹೇಳಬೇಕಿತ್ತು.

ವೇಗ ಇಳಿಸಿದ ಮೇಲೆ ಕೆಂಪು ಸಾಲು ಕಡಿಮೆ ಆಯಿತು, ನಿಲ್ಲಲಿಲ್ಲ. ಆಗ ಒಂದೊಂದೇ ಸ್ಟಿಕ್ ಹಾಕಿ ಟೆಸ್ಟ್ ಮಾಡಿದೆ. ಪ್ರತಿ ಸಲ ಪವರ್ ವೈರ್ ಎಳೆದು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಕೈ ಹಾಕಬೇಕು. ಕೂರಿಸುವಾಗ ಕ್ಲಿಪ್ 'ಟಕ್' ಅನ್ನುವ ತನಕ ಒತ್ತಬೇಕು. ಹಳೆಯ ಎರಡೂ ಸರಿ ಇದ್ದವು. ಹೊಸದರಲ್ಲಿ ಒಂದು ಸರಿ, ಇನ್ನೊಂದರಲ್ಲಿ ತಪ್ಪು. ಅದನ್ನು ಬೇರೆ ಸ್ಲಾಟಿಗೆ ಹಾಕಿದೆ, ಅಲ್ಲೂ ತಪ್ಪು. ಸರಿ ಇದ್ದದ್ದನ್ನು ಮೊದಲಿನ ಸ್ಲಾಟಿಗೆ ಹಾಕಿದರೆ ತಪ್ಪಿಲ್ಲ. ಅಂದರೆ ಸ್ಲಾಟ್ ಸರಿ, ಸ್ಟಿಕ್ಕೇ ಕೆಟ್ಟದ್ದು. ಈ ಅದಲು ಬದಲು ಮಾಡದೆ ತೀರ್ಮಾನಕ್ಕೆ ಬರಬೇಡಿ. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಸ್ಲಾಟ್‌ನ ಕಾಂಟ್ಯಾಕ್ಟ್ ಮಂಕಾಗಿಯೂ ಎರರ್ ಬರಬಹುದು. ನಾನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಿಸಿ, ಮತ್ತೆ ಟೆಸ್ಟ್ ಮಾಡಿಯೇ ಖಾತ್ರಿ ಮಾಡಿಕೊಂಡೆ. ಇದಕ್ಕೆಲ್ಲ ಎರಡು ಹಗಲು ಎರಡು ರಾತ್ರಿ ಹೋಯಿತು.

ಕೆಂಪು ಸಾಲುಗಳ ಫೋಟೊ ತೆಗೆದು ಅಂಗಡಿಗೆ ಕಳಿಸಿದ ಮೇಲೆ ಅವರ ಮಾತು ಬದಲಾಯಿತು. ಬಿಲ್‌ನಲ್ಲಿ ಎರಡೂ ಸ್ಟಿಕ್‌ನ ಸೀರಿಯಲ್ ನಂಬರ್ ಇತ್ತು, ಹಾಗಾಗಿ ವಾರಂಟಿಗೆ ಕಳಿಸಿದರು. ಬಿಲ್ ಬೇಡ ಅಂದರೆ ಸ್ವಲ್ಪ ಕಡಿಮೆ ಮಾಡುತ್ತೇನೆ ಅಂತ ಅವರು ಮೊದಲೇ ಹೇಳಿದ್ದರು. ಒಪ್ಪಿದ್ದರೆ ಈಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ ಸೆಕೆಂಡ್ ಹ್ಯಾಂಡ್ ಹುಡುಕುವವರು ಜಾಸ್ತಿ. ತೆಗೆದುಕೊಳ್ಳಿ, ಆದರೆ ಟೆಸ್ಟ್ ಮಾಡಿ ಸರಿ ಇಲ್ಲದಿದ್ದರೆ ವಾಪಸ್ ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಆ ಮದುವೆಯಲ್ಲಿ 37 ಫೋಟೊ ಕೆಟ್ಟಿದ್ದವು. ಕಾರ್ಡಿನ ಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿ 26 ವಾಪಸ್ ಸಿಕ್ಕಿತು. ಉಳಿದದ್ದರ ಮೇಲೆ ಮೆಹಂದಿ ಫೋಟೊಗಳು ಕೂತಿದ್ದವು. ಗಿಂಡಿಯ ಆ ಫೋಟೊ ಸಿಗಲೇ ಇಲ್ಲ. ಹುಡುಗಿಯ ಅಪ್ಪನ ಮನೆಗೆ ನಾನೇ ಹೋಗಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಬೇರೆ ಯಾವುದಾದ್ರೂ ಉಂಟಾ ಮಾರಾಯ್ರೆ, ಅವಳ ಅಮ್ಮ ನೀರು ಬಿಡುವುದು?" ಅಂತ ಕೇಳಿದರು. ಎರಡನೇ ಕ್ಯಾಮೆರಾದವನ ಹತ್ತಿರ ಬದಿಯಿಂದ ತೆಗೆದದ್ದು ಒಂದಿತ್ತು. ಆಲ್ಬಂನಲ್ಲಿ ಅದನ್ನೇ ಇಡೀ ಶೀಟಿಗೆ ಹಾಕಿದೆ.

ಬದಲಿ ಸ್ಟಿಕ್ ಬರಲು ನಾಲ್ಕು ವಾರ ಬೇಕಾಯಿತು. ಈಗ ಹೊಸ ಜೋಡಿ ಮಾತ್ರ ಇದೆ, 32 ಜಿಬಿ. ಹಳೆಯದನ್ನು ತೆಗೆದಿಟ್ಟೆ, ನನ್ನ ಕೆಲಸಕ್ಕೆ ಇಷ್ಟು ಧಾರಾಳ. ಕಾರ್ಡಿನಿಂದ ಕಾಪಿ ಆದ ಮೇಲೆ ಎರಡೂ ಕಡೆಯ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ ನೋಡುತ್ತೇನೆ, ಬ್ಯಾಕಪ್ಪನ್ನೂ ನೇರ ಕಾರ್ಡಿನಿಂದಲೇ ಮಾಡುತ್ತೇನೆ, ಆಲ್ಬಂ ಮನೆ ಸೇರುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಬದಲಿ ಸ್ಟಿಕ್ ಬಂದ ದಿನ ಸಂಜೆ ಏಳಕ್ಕೆ ಟೆಸ್ಟಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡುವಾಗ ನಾಲ್ಕು ಸುತ್ತು ಮುಗಿದಿತ್ತು, ತಪ್ಪು ಸೊನ್ನೆ. ಅದಾದ ಮೇಲೆಯೇ ಮುಂದಿನ ಮದುವೆಯ ಕಾರ್ಡ್ ಕೈಗೆ ತೆಗೆದುಕೊಂಡೆ.